ಊದದೆ ಹೊತ್ತ ಬೇಸು

ಎರಡು ಮದುವೆ ಸೀಜನ್ನು ನಾನು ಸಿಂಧನೂರಿನ ಬ್ಯಾಂಡ್ ಕಂಪನಿಯೊಂದರಲ್ಲಿ ಟ್ಯೂಬಾ ಹೊತ್ತಿದ್ದೇನೆ. ನುಡಿಸಿದ್ದೇನೆ ಎಂದು ಬರೆಯಲು ಕೈ ಏಳುವುದಿಲ್ಲ. ಹೊತ್ತಿದ್ದೇನೆ, ಅಷ್ಟೇ. ಟ್ಯೂಬಾ ಅಂದರೆ ಹಿತ್ತಾಳೆ ವಾದ್ಯಗಳಲ್ಲೆಲ್ಲ ದೊಡ್ಡದು, ಎಲ್ಲಕ್ಕಿಂತ ಕೆಳಗಿನ ದನಿಯದು. ಬ್ಯಾಂಡಿನವರು ಅದನ್ನು ಬೇಸು ಅನ್ನುತ್ತಾರೆ. ಮಡಚಿ ಮಡಚಿ ಸುತ್ತಿದ ಕೊಳವೆ, ಒತ್ತಲು ಮೂರು ಗುಂಡಿ, ಮೇಲೆ ಹಂಡೆಯಷ್ಟು ಅಗಲದ ಬಾಯಿ. ಮೆರವಣಿಗೆ ನೋಡುವವರು ಟ್ರಂಪೆಟ್ಟಿನವನನ್ನು ನೋಡುತ್ತಾರೆ, ಕ್ಲಾರಿಯೋನೆಟ್ಟಿನವನ ಮುಂದೆ ಕುಣಿಯುತ್ತಾರೆ. ಬೇಸಿನ ದನಿ ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲ. ನನಗೆ ಅದೇ ಅನುಕೂಲವಾಗಿತ್ತು.

ಈಗ ನಾನು ಬ್ಯಾಂಡಿನಲ್ಲಿಲ್ಲ. ಆದರೂ ಪಾಠ ಮಾಡುತ್ತಿರುವಾಗ ದೂರದಲ್ಲೆಲ್ಲೋ ಅಕ್ಕಿ ಗಿರಣಿಯ ಮೋಟಾರು ಶುರುವಾದರೆ ನನ್ನ ತುಟಿಗಳು ತಾವೇ ಬಿಗಿಯುತ್ತವೆ. "ಸರ್, ಯಾಕ ಸುಮ್ಮಾದ್ರಿ?" ಎಂದು ಮಕ್ಕಳು ಕೇಳುತ್ತಾರೆ. ಯಾರೋ ನನ್ನ ಉಸಿರಿಗಾಗಿ ಕಾಯುತ್ತ ನಿಂತಿದ್ದಾರೆ ಅನಿಸುತ್ತದೆ. ಭೂತ ಪ್ರೇತ ನಂಬುವ ಮನುಷ್ಯ ನಾನಲ್ಲ. ನಮ್ಮದು ಬೌದ್ಧರ ಮನೆ. ಸತ್ತ ಮೇಲೆ ಉಳಿಯುವ ಆತ್ಮ ಎಂಬುದೇ ಇಲ್ಲ ಎಂದು ಅಪ್ಪ ನನಗೆ ಮಗ್ಗಿಯ ಜೊತೆಯಲ್ಲೇ ಕಲಿಸಿದ್ದ. ಕಲಿತದ್ದು ತಲೆಯಲ್ಲಿ ಭದ್ರವಾಗಿದೆ. ಹೆದರಿಕೆ ಇರುವುದು ಬೇರೆ ಕಡೆ.

ಆಗ ನಾನು ಜವಳಗೇರಾ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ಈ ಹೆಸರು ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ; ಅತಿಥಿಗೆ ಊಟವನ್ನಾದರೂ ಹಾಕುತ್ತಾರೆ. ಬೇಸಿಗೆ ರಜೆ ಬಂತೆಂದರೆ ನಮ್ಮ ಸಂಬಳಕ್ಕೂ ರಜೆ. ಸಿಂಧನೂರಿನಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಬ್ಯಾಂಡ್ ಕಂಪನಿಯ ಅಂಗಡಿ. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದ ನನ್ನನ್ನು ಮಾಲೀಕ ನೆತ್ತಿಯಿಂದ ಪಾದದವರೆಗೆ ನೋಡಿದ. ಸಂತೆಯಲ್ಲಿ ಎತ್ತು ನೋಡುವವರು ಹಾಗೆ ನೋಡುತ್ತಾರೆ.

"ಸರ, ಒಂದ್ ಕೋಟ್ ಐತಿ. ಹಾಕ್ಕೊಂಡು ನೋಡ್ರಿ" ಅಂದ.

ಕೆಂಪು ಕೋಟು, ಭುಜಕ್ಕೆ ಜರಿಯ ಜಾಲರಿ. ಹಾಕಿಕೊಂಡೆ.

"ಬರೋಬ್ಬರಿ ಆತು. ನಾಳಿಂದ ಬರ್ರಿ."

ನನ್ನ ಸಂದರ್ಶನ ಅಷ್ಟೇ. ನನಗೆ ಊದಲು ಬರುವುದಿಲ್ಲ ಎಂದೆ. ಆತ ಬಾಯ್ತುಂಬ ನಕ್ಕ. "ಊದು ಅಂತ ಯಾರ್ ಹೇಳ್ಯಾರ್ರೀ ನಿಮಗ?"

ಬ್ಯಾಂಡಿನ ಒಳಗುಟ್ಟು ನನಗೆ ತಿಳಿದದ್ದು ಆವತ್ತು. ಮದುವೆಯವರಿಗೆ ಹದಿನೈದು ಜನ ಬರುತ್ತಾರೆ ಎಂದು ಮಾತು ಕೊಟ್ಟಿರುತ್ತಾರೆ, ಊದುವವರು ಇರುವುದು ಹತ್ತೋ ಹನ್ನೊಂದೋ. ಉಳಿದವರು ಕೋಟು ತೊಟ್ಟು ವಾದ್ಯ ಹಿಡಿದು ಸಾಲಿನಲ್ಲಿ ನಡೆಯುತ್ತಾರೆ. ಇವರಿಗೆ ಡಮ್ಮಿ ಎಂದು ಹೆಸರು. ಇದನ್ನು ಯಾರೂ ಮೋಸ ಅನ್ನುವುದಿಲ್ಲ. ಡಮ್ಮಿಗೂ ಅವನದೇ ಕಸುಬಿದೆ. ಕೆನ್ನೆ ಉಬ್ಬಿಸಬೇಕು, ಗುಂಡಿ ಒತ್ತಬೇಕು, ಪಕ್ಕದವನ ಮೊಣಕೈ ನೋಡಿ ತಾನೂ ವಾದ್ಯ ಎತ್ತಬೇಕು. ಜೊತೆಗೆ ಒಂದು ಮುಂಜಾಗ್ರತೆ. ಬಾಯಿಗೆ ಇಡುವ ಬಟ್ಟಲನ್ನು ತೆಗೆದು ಕೊಳವೆಯೊಳಗೆ ಹಳೆ ಬಟ್ಟೆ ತುರುಕಿ, ಬಟ್ಟಲನ್ನು ಮತ್ತೆ ಕೂರಿಸುತ್ತಾರೆ. ಡಮ್ಮಿ ಹುರುಪಿನಲ್ಲಿ ಮೈಮರೆತು ನಿಜವಾಗಿ ಊದಿಬಿಟ್ಟರೆ ಹಾಡಿನ ನಡುವೆ ಕೋಣ ಕೂಗಿದಂತಾಗುತ್ತದಲ್ಲ, ಅದಕ್ಕೆ. ಮೊದಲನೆ ದಿನ ಮಾಲೀಕ ತಾನೇ ಬೇಸಿಗೆ ಬಟ್ಟೆ ತುರುಕಿ ನನ್ನ ಹೆಗಲಿಗೆ ಪಟ್ಟಿ ಹಾಕಿದ. ಬೇಸಿನ ಅಗಲ ಬಾಯಿ ನನ್ನ ಅರ್ಧ ಮುಖವನ್ನು ಮುಚ್ಚುತ್ತಿತ್ತು. ಶಾಲೆಯ ಮಕ್ಕಳು ದಾರಿಯಲ್ಲಿ ನಿಂತಿದ್ದರೂ ಗುರುತು ಹಿಡಿಯುವಂತಿರಲಿಲ್ಲ.

ನಾನು ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಅಜ್ಜ ಊರಿನ ಪ್ರತಿ ಸಾವಿಗೂ ಹಲಗೆ ಬಡಿಯಬೇಕಾಗಿದ್ದವನು. ಕರೆದಾಗ ಹೋಗಬೇಕು, ಕೊಟ್ಟದ್ದು ತಿನ್ನಬೇಕು, ದೂರ ನಿಲ್ಲಬೇಕು. ಬೌದ್ಧನಾದ ದಿನ ಆತ ಹಲಗೆಯನ್ನು ಹಾಳುಬಾವಿಗೆ ಎಸೆದು, ಇನ್ನು ನಮ್ಮ ಮನೆಯವರು ಯಾರ ಮದುವೆಗೂ ಯಾರ ಮಣ್ಣಿಗೂ ಬಡಿಯುವುದಿಲ್ಲ, ಊದುವುದಿಲ್ಲ ಎಂದು ಹೇಳಿ ಬಂದನಂತೆ. ಆತನ ಮಗ, ಅಂದರೆ ನಮ್ಮಪ್ಪ, ಓದಿ ಲಿಂಗಸುಗೂರಿನಲ್ಲಿ ಸರ್ಕಾರಿ ಗುಮಾಸ್ತನಾದ. ನಾನು ಬ್ಯಾಂಡಿನ ಕೋಟು ತೊಟ್ಟದ್ದು ಗೊತ್ತಾದರೆ ಅಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ಅದಕ್ಕೆ ನಾನೊಂದು ವಾದ ಕಟ್ಟಿಕೊಂಡಿದ್ದೆ: ನಾನು ಊದುತ್ತಿಲ್ಲವಲ್ಲ, ಬರೀ ಹೊತ್ತು ನಡೆಯುತ್ತಿದ್ದೇನೆ, ಅಜ್ಜನ ಮಾತು ಮುರಿದಿಲ್ಲ. ವಕೀಲನಾಗಿದ್ದರೆ ಚೆನ್ನಾಗಿ ಬದುಕುತ್ತಿದ್ದೆನೇನೋ. ಲಿಂಗಸುಗೂರಿನ ಮದುವೆ ಬಂದ ದಿನ ಮಾತ್ರ ಹೊಟ್ಟೆನೋವು ಅಂತ ಕೋಣೆಯಲ್ಲಿ ಮಲಗಿಬಿಡುತ್ತಿದ್ದೆ.

ಆ ಬೇಸು ಕಂಪನಿಯದಲ್ಲ, ಒಬ್ಬ ಮುದುಕನದು ಎಂದು ಎರಡು ವಾರದ ಮೇಲೆ ತಿಳಿಯಿತು. ಸಂತೆಕಲ್ಲೂರಿನಲ್ಲಿ ಹುಟ್ಟಿ ಮಸ್ಕಿಯಲ್ಲಿ ಮನೆ ಮಾಡಿದವನು. ವಯಸ್ಸಿನಲ್ಲಿದ್ದಾಗ ಹೈದರಾಬಾದಿನ ಕಡೆ ಯಾವುದೋ ಬ್ಯಾಂಡು ಮುಚ್ಚಿದಾಗ ಆ ಬೇಸನ್ನು ಪಡೆದು, ಲಾರಿಯಲ್ಲಿ ಮೂಟೆಗಳ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ತಂದಿದ್ದನಂತೆ. ನಲವತ್ತು ವರ್ಷ ಅದನ್ನೇ ಊದಿದ. ಬ್ಯಾಂಡಿನವರು ಅವನನ್ನು ಉಸ್ತಾದ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ನಾನು ಸೇರುವ ಮೊದಲಿನ ಚಳಿಗಾಲದಲ್ಲಿ ಉಸ್ತಾದನಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು. ಬಾಯಿಯ ಎಡಗಡೆ ಮಾತ್ರ ಜೋತುಬಿದ್ದದ್ದು ಹಾಗೇ ಉಳಿಯಿತು. ಊದುವವನಿಗೆ ತುಟಿಯೇ ಬಂಡವಾಳ. ಎರಡೂ ತುಟಿ ಬಿಗಿಯಾಗಿ ಕೂಡಿ ನಡುಗಿದರೆ ಮಾತ್ರ ಬೇಸು ದನಿ ಕೊಡುತ್ತದೆ. ಉಸ್ತಾದನ ತುಟಿಯಲ್ಲಿ ಚಹಾ ಕೂಡ ನಿಲ್ಲುತ್ತಿರಲಿಲ್ಲ.

ಬೇಸನ್ನು ಕಂಪನಿಗೆ ಬಿಟ್ಟುಕೊಡುವಾಗ ಆತ ಮಾಲೀಕನಿಂದ ಎರಡು ಮಾತು ತೆಗೆದುಕೊಂಡಿದ್ದ. ಅದನ್ನು ಊದುವವನ ಕೈಗೇ ಕೊಡಬೇಕು, ಡಮ್ಮಿಗೆ ಕೊಡಬಾರದು. ವಾರಕ್ಕೊಮ್ಮೆ, ಸೋಮವಾರ, ಊದುವವನು ಅದನ್ನು ಮಸ್ಕಿಗೆ ತಂದು ತೋರಿಸಬೇಕು. ಮಾಲೀಕ ಎರಡಕ್ಕೂ ಹೂಂ ಅಂದಿದ್ದ. ಆಮೇಲೆ ಬೇಸು ಊದುವವರು ಎಲ್ಲೂ ಸಿಗಲಿಲ್ಲ. ಬೇಸಿಲ್ಲದ ಬ್ಯಾಂಡು ಕಣ್ಣಿಗೆ ಬೋಳಾಗಿ ಕಾಣುತ್ತದೆ. ಅಷ್ಟರಲ್ಲಿ ಉಸ್ತಾದನ ಕೋಟು ನನ್ನ ಮೈಗೆ ಸರಿಯಾಯಿತು.

"ಮುದುಕಗ ಏನ್ ಹೇಳ್ಲಿ?" ಎಂದು ಮಾಲೀಕನನ್ನು ಕೇಳಿದೆ.

"ಏನೂ ಹೇಳಬ್ಯಾಡ್ರಿ. ಊದಿದ ವಾದ್ಯದಾಗ ಉಸುರು ನೀರಾಗಿ ನಿಂತಿರತೈತಿ. ಅವ ಅದನ್ನ ನೋಡ್ತಾನ. ಎರಡು ಮುಚ್ಚಳ ನೀರ ಹಾಕ್ಕೊಂಡು ಹೋಗ್ರಿ, ಮುಗೀತು."

ಹಾಗೇ ಮಾಡಿದೆ. ಮಸ್ಕಿಯ ಬಸ್ ನಿಲ್ದಾಣದಲ್ಲಿಳಿದು ಕಬ್ಬಿನ ಹಾಲಿನ ಗಾಡಿಯ ಮರೆಗೆ ಹೋಗಿ, ತಂತಿಯ ಕೊಕ್ಕೆಯಿಂದ ಬಟ್ಟೆಯನ್ನು ಎಳೆದು ತೆಗೆದು, ಬಾಟಲಿಯ ಮುಚ್ಚಳದಲ್ಲಿ ಎರಡು ಸಲ ನೀರು ಅಳೆದು ಕೊಳವೆಗೆ ಬಿಟ್ಟೆ. ಹಾಲಿಗೆ ನೀರು ಬೆರೆಸುವವರನ್ನು ನೋಡಿದ್ದೆ. ಪೀಪಿಗೆ ನೀರು ಬೆರೆಸಿದವನು ನಾನೊಬ್ಬನೇ ಇರಬೇಕು.

ಉಸ್ತಾದನದು ಒಂದೇ ಅಂಕಣದ ಮನೆ, ಗೋಡೆಗೆ ಒರಗಿದಂತೆ ಒಂದು ಮಂಚ. ಹೆಂಡತಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವಳನ್ನು ನಾನು ಅವ್ವ ಎಂದೇ ಕರೆದೆ. ಉಸ್ತಾದನ ಮಾತು ತೊದಲುತ್ತಿತ್ತು. ನನಗೆ ತಿಳಿಯದ್ದನ್ನು ಅವ್ವ ಮತ್ತೊಮ್ಮೆ ಹೇಳುತ್ತಿದ್ದಳು. ಆತ ಬೇಸನ್ನು ತೊಡೆಗೆ ಎಳೆದುಕೊಂಡು, ಬಾಗಿದ ಸಣ್ಣ ಕೊಳವೆಯೊಂದನ್ನು ಕಳಚಿ, ಅಂಗೈ ಒಡ್ಡಿ ವಾಲಿಸಿದ. ನೀರು ಬಿತ್ತು. ಅದನ್ನು ಬೆರಳಿಂದ ಒಮ್ಮೆ ತಿಕ್ಕಿ ನೋಡಿ ಧೋತರಕ್ಕೆ ಒರೆಸಿಕೊಂಡ. ನನ್ನ ಮುಖ ನೋಡಿದ.

"ಚಲೋ ಊದಾಕತ್ತೀ" ಅಂದ.

ಈಗ ಊದಿ ತೋರಿಸು ಅಂದುಬಿಟ್ಟರೆ ಏನು ಗತಿ ಎಂದು ನನಗೆ ಬೆವರು ಕಿತ್ತಿತ್ತು. ಆತ ಕೇಳಲಿಲ್ಲ. ತಾನಾಗಿಯೇ ಹೇಳಿದ: "ನನ್ನ ಮುಂದ ಊದಬ್ಯಾಡ. ನನ್ನ ದನಿ ಇನ್ನೊಬ್ಬರ ಬಾಯಾಗ ಕೇಳಿದ್ರ ನನಗ ತಡಕೊಳ್ಳಾಕ ಆಗಂಗಿಲ್ಲ. ನೀರ ತೋರ್ಸು, ಸಾಕು."

ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಅವ್ವ ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.

ಆಮೇಲೆ ಪ್ರತಿ ಸೋಮವಾರ ಹೋದೆ. ಶಾಲೆ ಶುರುವಾದ ಮೇಲೂ ಸಂಜೆ ಬಸ್ಸಿಗೆ ಹೋಗಿ ಬರುತ್ತಿದ್ದೆ. ಸುಳ್ಳು ಹೇಳುವ ಮನೆಗೆ ಯಾಕಷ್ಟು ನಿಯತ್ತಿನಿಂದ ಹೋಗುತ್ತಿದ್ದೆನೋ! ಉಸ್ತಾದನ ಮಾತು ಕೇಳುವುದು ನನಗೆ ಇಷ್ಟವಾಗಿತ್ತು, ಅದು ಖರೆ. "ಬ್ಯಾಂಡಿನ್ಯಾಗ ಎಲ್ಲಾರೂ ಹಾಡ್ತಾರ" ಅನ್ನುತ್ತಿದ್ದ. "ಬೇಸಿನಾವ ನೆಲಾ ಹಾಸ್ತಾನ. ನೆಲಾನೇ ಇಲ್ಲಂದ್ರ ಅವರು ಎಲ್ಲಿ ನಿಂದ್ರಬೇಕು?" ಉಸಿರನ್ನು ಎದೆಯಿಂದಲ್ಲ, ಹೊಟ್ಟೆಯ ತಳದಿಂದ ಎತ್ತಬೇಕು ಎಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಮೂವತ್ತು ಮಕ್ಕಳ ಎದುರು ನಿಂತು ಸುಳ್ಳು ಹೇಳಬಾರದು ಎಂದು ಪಾಠ ಮಾಡುವ ಬಾಯಿಯಿಂದಲೇ "ಹೌದ್ರಿ, ಹಂಗೇ ಊದ್ತೀನ್ರಿ" ಅನ್ನುತ್ತಿದ್ದೆ.

ಒಂದು ಸೋಮವಾರ ಆತ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಬ್ಯಾಂಡಿನವರಲ್ಲಿ ಒಂದು ಪದ್ಧತಿ ಉಂಟು ಎಂದು ಹೇಳತೊಡಗಿದ. ಬ್ಯಾಂಡಿನವನು ಸತ್ತರೆ ಹೆಣ ಎತ್ತುವ ಮುಂಚೆ ಅವನ ವಾದ್ಯವೇ ಮೊದಲು ಮಾತಾಡಬೇಕು. ಒಂದೇ ದನಿ, ಉದ್ದಕ್ಕೆ. ಅದು ಮುಗಿಯುವವರೆಗೆ ಬೇರೆ ಯಾರೂ ಬಾಯಿ ಹಚ್ಚುವಂತಿಲ್ಲ.

"ಅದನ್ನ ಕೇಳಿದ ಮ್ಯಾಲೇ ಅವ ಮನಿ ಬಿಡ್ತಾನ" ಅಂದ. "ಇಲ್ಲಂದ್ರ ಹೆಣಾ ಅಷ್ಟ ಹೋಗತೈತಿ, ಅವ ಹೋಗಂಗಿಲ್ಲ. ನಾ ಹೋದ ದಿನ ನೀ ಊದು, ಮಾಸ್ತರ. ಅವತ್ತ ಕೇಳ್ತೀನಿ ನಿನ್ನ ಬೇಸು."

"ಊದ್ತೀನ್ರಿ" ಅಂದೆ. ಅವ್ವ ಒಲೆಯ ಕಡೆ ತಿರುಗಿ ಕೂತಿದ್ದಳು.

ಆವತ್ತಿನಿಂದ ಉಸ್ತಾದ ಸಾಯುವವರೆಗೆ ನನಗೆ ಹತ್ತು ತಿಂಗಳು ಸಿಕ್ಕವು. ಒಂದು ದನಿ ಕಲಿಯಲು ಹತ್ತು ತಿಂಗಳು ಬೇಕಿಲ್ಲ. ಒಮ್ಮೆ ಮಾತ್ರ ಪ್ರಯತ್ನಿಸಿದೆ. ಜವಳಗೇರಾದ ಹತ್ತಿರ ಕಾಲುವೆಯ ದಂಡೆಗೆ ಹೋಗಿ, ಬಟ್ಟೆ ತೆಗೆದು, ಕಣ್ಣುಮುಚ್ಚಿ ಊದಿದೆ. ಬಂದ ಸದ್ದನ್ನು ಇಲ್ಲಿ ಬರೆಯಲಾರೆ. ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. "ಯಾರದ್ದರ ಎಮ್ಮಿ ಈಯಾಕತ್ತೈತೇನ್ಬೇ?" ಎಂದು ಒಬ್ಬಳು ಕೂಗಿದಳು, ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬಟ್ಟೆಯನ್ನು ಮತ್ತೆ ತುರುಕಿ ಬಂದುಬಿಟ್ಟೆ. ಕಲಿಯದಿರಲು ಅಜ್ಜನ ಮಾತು ಹೇಗೂ ಕೈಯಲ್ಲಿತ್ತು. ಮುದುಕ ಇನ್ನೂ ಗಟ್ಟಿಯಾಗಿದ್ದಾನೆ, ಮುಂದೆ ನೋಡೋಣ ಎಂದು ದಿನ ದೂಡಿದೆ.

ಮರುವರ್ಷದ ಮದುವೆ ಸೀಜನ್ನಿನಲ್ಲಿ ಒಂದು ಬೆಳಿಗ್ಗೆ ಮಾಲೀಕ ಬಾಗಿಲು ಬಡಿದ. ಉಸ್ತಾದ ನಸುಕಿನಲ್ಲಿ ಹೋಗಿಬಿಟ್ಟಿದ್ದ. ಹಿಂದಿನ ಸಂಜೆಯಷ್ಟೇ ನಾವು ಒಂದು ಮೆರವಣಿಗೆ ಮುಗಿಸಿ ಬಂದಿದ್ದೆವು. ಇಡೀ ಬ್ಯಾಂಡು ಕೋಟು ತೊಟ್ಟು ಟೆಂಪೋ ಹತ್ತಿತು. ದಾರಿಯಲ್ಲಿ ಮಾಲೀಕ ನನ್ನ ಕಿವಿಯಲ್ಲಿ ಒಂದು ಉಪಾಯ ಹೇಳಿದ. ನಮ್ಮಲ್ಲಿ ಬೇಸಿಗಿಂತ ಒಂದು ಕೈ ಚಿಕ್ಕದಾದ ಯುಫೋನಿಯಂ ಎಂಬ ವಾದ್ಯವಿತ್ತು. ಅದರ ದನಿಯೂ ತಕ್ಕಮಟ್ಟಿಗೆ ದಪ್ಪ. "ನೀವು ಹಂಗ ನಿಂದ್ರರಿ. ಅವ ನಿಮ್ಮ ಬೆನ್ನಿಗೆ ನಿಂತು ಊದ್ತಾನ. ಯಾರಿಗೂ ತಿಳ್ಯಂಗಿಲ್ಲ."

ನಾನು ಬೇಡ ಅಂದೆ. "ನಾನ ಊದ್ತೀನಿ. ಮಾತು ಕೊಟ್ಟೀನಿ." ಆ ಕ್ಷಣಕ್ಕೆ ನನಗೆ ನನ್ನ ಮೇಲೆ ಎಷ್ಟು ಅಭಿಮಾನ ಬಂತು ಅಂದರೆ ಕಣ್ಣು ತುಂಬಿದವು. ಎಂಥ ಕೆಟ್ಟ ದನಿ ಬಂದರೂ ಸರಿ, ಎಮ್ಮೆ ಈದಂತೆ ಬಂದರೂ ಸರಿ, ಅದು ನನ್ನ ಉಸಿರಾಗಿರುತ್ತದೆ ಎಂದುಕೊಂಡೆ. ಟೆಂಪೋದಲ್ಲಿ ಉದ್ದಕ್ಕೂ ತುಟಿ ಬಿಗಿದು ನಡುಗಿಸಿ ಅಭ್ಯಾಸ ಮಾಡಿದೆ.

ಉಸ್ತಾದನನ್ನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಟ್ಟೆ ಬಿಗಿದು ಕಟ್ಟಿದ್ದರಿಂದ ಬಾಯಿ ನೆಟ್ಟಗಾಗಿತ್ತು. ಅವನ ತುಟಿಗಳೆರಡೂ ಕೂಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಓಣಿ ತುಂಬ ಜನ. ಬ್ಯಾಂಡಿನವರು ವಾದ್ಯ ಕೆಳಗಿಳಿಸಿ ಸಾಲಾಗಿ ನಿಂತರು. ಅವ್ವ ಉಸ್ತಾದನ ಕಾಲ ಬಳಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಹೆಜ್ಜೆ ಮುಂದೆ ಬಂದು, ಹೊಟ್ಟೆಯ ತಳದಿಂದ ಉಸಿರು ಎತ್ತಿ ಊದಿದೆ.

ಏನೂ ಬರಲಿಲ್ಲ. ಪುಸ್ ಎಂದು ಕೂಡ ಅನ್ನಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಊದಿದಂತಾಯಿತು. ಮತ್ತೊಮ್ಮೆ ಊದಿದೆ. ಮೂರನೆ ಸಲ ಕಿವಿಯೊಳಗೆ ನನ್ನ ರಕ್ತ ಬಡಿದುಕೊಂಡದ್ದು ಮಾತ್ರ ಕೇಳಿಸಿತು. ಆಗ ಹೊಳೆಯಿತು. ಬಟ್ಟೆ. ಹಿಂದಿನ ಸಂಜೆಯ ಬಟ್ಟೆ ಒಳಗೇ ಇತ್ತು. ಅದನ್ನು ನಾನು ತೆಗೆಯುತ್ತಿದ್ದುದು ಸೋಮವಾರ ಮಾತ್ರ, ನೀರು ಹಾಕಲು. ಆವತ್ತು ಸೋಮವಾರವಾಗಿರಲಿಲ್ಲ.

ಕೊಕ್ಕೆ ನನ್ನ ಜೇಬಿನಲ್ಲೇ ಇತ್ತು. ಬಟ್ಟಲು ಕಳಚಿ ಬಟ್ಟೆ ಎಳೆದು ಮತ್ತೆ ಊದಲು ಅರೆ ನಿಮಿಷ ಸಾಕಾಗುತ್ತಿತ್ತು. ಆದರೆ ಉಸ್ತಾದನ ಎದುರಿಗೆ, ಅವನ ಬೇಸಿನ ಗಂಟಲಿನಿಂದ ಚಿಂದಿ ಎಳೆದು ಅಷ್ಟು ಜನಕ್ಕೆ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಇದು ನನ್ನ ತಪ್ಪು, ಬಟ್ಟೆ ಮರೆತದ್ದಲ್ಲ. ನಾನು ಏನು ಮಾಡಿದೆ ಗೊತ್ತೇ? ಕೆನ್ನೆ ಉಬ್ಬಿಸಿದೆ. ಗುಂಡಿ ಒತ್ತಿದೆ. ಕಣ್ಣುಮುಚ್ಚಿ ಊದುವವನಂತೆ ನಟಿಸಿದೆ. ಎರಡು ಸೀಜನ್ನಿನಲ್ಲಿ ಕಲಿತ ಕಸುಬು ಅದೊಂದೇ.

ಓಣಿಯಲ್ಲಿ ಸದ್ದಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಯುಫೋನಿಯಂನವನು ನಾನು ಬೇಡ ಅಂದಿದ್ದರಿಂದ ತಲೆ ತಗ್ಗಿಸಿ ನಿಂತಿದ್ದ. ಎಷ್ಟೋ ಹೊತ್ತಿನ ಮೇಲೆ ಹಿರಿಯರೊಬ್ಬರು "ಬಿಸಲೇರಾಕತ್ತೈತಿ, ಎತ್ರಪಾ" ಅಂದರು. ಎತ್ತಿದರು. ಟ್ರಂಪೆಟ್ಟಿನವನು ಶುರು ಮಾಡಿದ. ನಾನು ಕಣ್ಣು ತೆರೆದಾಗ ಅವ್ವ ಹೋಗುತ್ತಿದ್ದ ಹೆಣದ ಕಡೆ ನೋಡುತ್ತಿರಲಿಲ್ಲ. ತಿರುಗಿ ಮನೆಯ ಒಳಗೆ ನೋಡುತ್ತಿದ್ದಳು.

ಆವತ್ತೇ ಕೋಟು ಬಿಚ್ಚಿ ಕೊಟ್ಟೆ. ಬೇಸು ಈ ಮನೆಗೆ ಬೇಡ, ಮಾಸ್ತರನ ಹತ್ತಿರವೇ ಇರಲಿ ಎಂದು ಅವ್ವ ಮಾಲೀಕನಿಗೆ ಹೇಳಿ ಕಳಿಸಿದಳು. ಅದು ನನ್ನ ಕೋಣೆಯ ಮೂಲೆಗೆ ಬಂತು. ಲಾರಿ ಹಾದುಹೋದರೆ ಅದರೊಳಗೆ ಏನೋ ಅಲುಗಿದಂತೆ ಸದ್ದಾಗುತ್ತಿತ್ತು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಅದರ ಬುಡದಲ್ಲಿ ನೆಲ ಒದ್ದೆ. ಪಕ್ಕದಲ್ಲಿ ನೀರಿನ ಮಡಕೆ ಇತ್ತು, ಜಿನುಗಿರಬೇಕು ಎಂದು ಮಡಕೆಯನ್ನು ಬಾಗಿಲ ಬಳಿ ಸರಿಸಿದೆ. ಅದಾದ ಮೇಲೂ ಒಮ್ಮೆ ಒದ್ದೆಯಾಗಿತ್ತು. ಯಾರೂ ಊದದ ಬೇಸಿನಲ್ಲಿ ಉಸಿರಿನ ನೀರು ಎಲ್ಲಿಂದ ಬರಬೇಕು? ನಾನು ಬಟ್ಟೆಯಿಂದ ನೆಲ ಒರೆಸಿ, ಯಾರಿಗೂ ಹೇಳದೆ, ಆ ಮೂಲೆಗೆ ಬೆನ್ನು ಹಾಕಿ ಮಲಗುವುದನ್ನು ಬಿಟ್ಟೆ.

ಕೊನೆಗೆ ಕಲಿತೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದಿಲ್ಲ. ಒಣಗಿದ ಕಾಲುವೆಗಿಳಿದು ಸೇತುವೆಯ ಕೆಳಗೆ ಕೂತು, ಫೋನಿನಲ್ಲಿ ವಿಡಿಯೋ ನೋಡಿಕೊಂಡು, ಉಸ್ತಾದ ಹೇಳಿದ್ದನ್ನು ನೆನಪಿಸಿಕೊಂಡು ಊದಿದೆ. ತುಟಿ ಒಡೆದು ರಕ್ತ ಬಂತು. ಒಂದು ದಿನ ದನಿ ಬಂತು, ಸಿಮೆಂಟಿನ ಗೋಡೆಗೆ ತಾಗಿ ಬೆನ್ನ ಹಿಂದಿನಿಂದ ವಾಪಸು ಬಂತು. ನಾನು ಎದ್ದು ಓಡಿದೆ. ಮರುದಿನ ಮತ್ತೆ ಹೋದೆ.

ಅಪ್ಪನಿಗೂ ಹೇಳಿದೆ. ಲಿಂಗಸುಗೂರಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ, ಬಹಳ ಹೊತ್ತು ಕನ್ನಡಕ ಒರೆಸಿದ. "ನಿಮ್ಮಜ್ಜ ಹಲಗಿ ಬಡೀತಿದ್ದಿದ್ದು ಹೆದರಿ" ಅಂದ. "ಅದಕ್ಕ ಬಿಟ್ಟ. ನೀನೂ ಹೆದರಿ ಊದತಿದ್ರ ಬ್ಯಾಡ ನೋಡು." ನಾನು ಹೆದರಿ ಊದುತ್ತಿಲ್ಲ, ಕೊಟ್ಟ ಮಾತಿಗಾಗಿ ಊದುತ್ತೇನೆ ಎಂದು ಹೇಳಿ ಬಂದೆ.

ಉಸ್ತಾದ ಹೋಗಿ ವರ್ಷ ತುಂಬಿದ ಮೇಲೆ, ಒಂದು ಮಧ್ಯಾಹ್ನ, ಬೇಸು ಹೊತ್ತು ಮಸ್ಕಿಗೆ ಹೋದೆ. ಅವ್ವ ಒಬ್ಬಳೇ ಇದ್ದಳು. ಸೊರಗಿರುತ್ತಾಳೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮಂಚಕ್ಕೆ ಒಗೆದ ಹಾಸಿಗೆ ಹಾಸಿತ್ತು. ನನ್ನನ್ನು ಕಂಡವಳೇ ಮಂಚದ ಕಡೆ ತಿರುಗಿ, "ಏನ್ರೀ, ಮಾಸ್ತರ ಬಂದಾನ ನೋಡ್ರಿ" ಅಂದಳು. ಮಂಚದ ಮೇಲೆ ಯಾರೂ ಇರಲಿಲ್ಲ.

ನಾನು ನೆಲದ ಮೇಲೆ ಕೂತು ತಪ್ಪೊಪ್ಪಿಕೊಂಡೆ. ನಾನು ಡಮ್ಮಿ ಆಗಿದ್ದೆ, ಬಟ್ಟೆ ತುರುಕಿತ್ತು, ಆ ನೀರು ಬಾಟಲಿಯದು. ಅವಳು ಬೆಳ್ಳುಳ್ಳಿ ಸುಲಿಯುತ್ತ ಕೇಳಿದಳು.

"ಅದು ಅವರಿಗೆ ಮೊದಲನೆ ದಿನಾನ ಗೊತ್ತಾತಪ್ಪ. ಉಸುರಿನ ನೀರು ಬೆರಳಿಗೆ ಜಿಬಿಜಿಬಿ ಅಂತೈತಂತ, ಹಿತ್ತಾಳಿ ವಾಸನಿ ಬರತೈತಂತ. ನಿಂದು ಬರೇ ನೀರು."

"ಮತ್ತ ಯಾಕ ಬೈಲಿಲ್ಲ?"

"ನಾನೂ ಕೇಳ್ದೆ. 'ಬಿಸಲಾಗ ಬಸ್ ಹತ್ತಿ ಸುಳ್ಳು ಹೊತ್ಕೊಂಡು ಬರ್ತಾನಂದ್ರ ಅವಗ ನಾಚಿಕಿ ಐತಿ. ನಾಚಿಕಿ ಇದ್ದಾವ ಒಂದಿನ ಊದೇ ಊದ್ತಾನ. ಅವ ಊದೋತನಕ ನಾ ಎಲ್ಲೂ ಹೋಗಂಗಿಲ್ಲ' ಅಂದ್ರು." ಅವ್ವ ಮಂಚ ನೋಡಿ ನಕ್ಕಳು. "ಹೋಗಿಲ್ಲ ನೋಡು. ಇಲ್ಲೇ ಅದಾರ."

ನನಗೆ ಅಳು ಬಂತು. ನನ್ನ ಸುಳ್ಳು ಗೊತ್ತಿದ್ದೂ ತನ್ನ ಮಣ್ಣನ್ನು ನನ್ನ ನಾಚಿಕೆಯ ಮೇಲೆ ಪಣಕ್ಕಿಟ್ಟವನು ಆತ. "ಅವ್ವಾ, ಈಗ ನನಗ ಬರತೈತಿ. ಊದ್ಲೇನು?" ಅಂದೆ.

ಅವಳ ಕೈ ನಿಂತಿತು. "ಇವತ್ತ ಬ್ಯಾಡಪ್ಪ" ಅಂದಳು. "ಮತ್ತೊಮ್ಮಿ ಬಂದಾಗ ನೋಡೋಣಂತ."

ಬಿಸಿಲ ಹೊತ್ತು, ನೆರೆಮನೆಯವರು ಮಲಗಿರುತ್ತಾರೆ ಎಂದು ಹಾಗಂದಳು ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಬೇಕಾಗಿತ್ತು. ಒಂದು ವರ್ಷ ನಾನು ಆ ಮೂಲೆಯ ಜೊತೆ ಬಾಳಿದ್ದೆ, ಇನ್ನೊಂದು ದಿನವೂ ಆಗುವಂತಿರಲಿಲ್ಲ. "ಒಂದ ಸಲ, ಅವ್ವಾ. ಕೊಟ್ಟ ಮಾತು" ಎಂದು ಕೈ ಮುಗಿದೆ. ಅವಳು ಬೆಳ್ಳುಳ್ಳಿಯ ಮೊರವನ್ನು ಬದಿಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಂಚದ ತುದಿಗೆ ಹೋಗಿ ಕೂತಳು.

"ಆತು. ಕೊಟ್ಟ ಮಾತು ಅಂದ ಮ್ಯಾಲೆ ಏನ್ ಮಾಡಾಕ ಬರತೈತಿ. ಊದು."

ಊದಿದೆ. ಅಷ್ಟು ಒಳ್ಳೆಯ ದನಿ ಅದಕ್ಕೆ ಮುಂಚೆ ನನಗೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಗೂಡಿನಲ್ಲಿಟ್ಟ ತಾಟುಗಳು ಸಣ್ಣಗೆ ನಡುಗಿದವು, ಮಂಚದ ಕಾಲು ನಡುಗಿತು, ನನ್ನ ಎದೆಯ ಎಲುಬು ಜುಮ್ಮೆಂದಿತು. ಉಸಿರು ಮುಗಿಯುವವರೆಗೆ ಬಿಡಲಿಲ್ಲ. ಮುಗಿದಾಗ ಹೆಗಲ ಮೇಲಿನ ಭಾರವೆಲ್ಲ ಇಳಿದು, ನಾನು ಹಗುರಾಗಿ ಅವ್ವನ ಕಡೆ ನೋಡಿದೆ.

ಅವಳು ಅಂಗೈಯಿಂದ ಹಾಸಿಗೆಯನ್ನು ತಡವುತ್ತಿದ್ದಳು. ತಲೆದಿಂಬಿನಿಂದ ಕಾಲ್ದೆಸೆಯವರೆಗೆ ತಡವಿ, ಮತ್ತೆ ತಲೆದಿಂಬಿನವರೆಗೆ ಹೋಗಿ, ಕೈ ನಿಲ್ಲಿಸಿದಳು.

"ಹ್ವಾದ್ರು" ಅಂದಳು.

ಆತ್ಮ ಎಂಬುದಿಲ್ಲ, ಹೋಗುವುದು ಬರುವುದು ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಣ್ಣಿನ ದಿನ ಒಂದು ಹನಿ ಹಾಕದವಳು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಕೋಪವೇನೂ ಇರಲಿಲ್ಲ. ಅಳು ತಗ್ಗಿದ ಮೇಲೆ, ದಾರಿ ಕೇಳುವವರಂತೆ ನನ್ನನ್ನು ಕೇಳಿದಳು: "ಒಂದ್ ವರ್ಷ ದಿನಾ ಅವರ ಕೂಡ ಮಾತಾಡ್ತಿದ್ದೆ, ಮಾಸ್ತರ. ಇನ್ನ ನಾ ಯಾರ ಕೂಡ ಮಾತಾಡ್ಲಿ?"

ಇವತ್ತು ಬೇಡ ಎಂದು ಅವಳು ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ.